ಸಹಾಯ ಬೇಕು: ಬೋರ್‌ವೆಲ್‌ಗೆ ಕ್ಯಾಮೆರಾ ಬಿಡಿಸಿದ್ವಿ, ಈಗ ಒಳಕೇಸಿಂಗ್ ಹಾಕಿಸೋದೋ ಫ್ಲಶಿಂಗ್ ಮಾಡಿಸೋದೋ?

ಎಲ್ಲರಿಗೂ ನಮಸ್ಕಾರ. ನಮ್ದು ಶಿರಾ ಕಡೆ, ಅಡಿಕೆ ತೋಟ. ಬೋರು 720 ಅಡಿ, ಆರೂವರೆ ಇಂಚು, ಮೇಲ್ಗಡೆ ಮಣ್ಣು ಕುಸಿಯದ ಹಾಗೆ ಇಳಿಸಿರೋ ಪೈಪು, ಅಂದ್ರೆ ಕೇಸಿಂಗ್, 80 ಅಡಿ. ಯುಗಾದಿ ಆದ್ಮೇಲೆ ನೀರು ಕೆಂಪಗೆ ಬರೋಕೆ ಶುರುವಾಯ್ತು, ಆಮೇಲೆ ಮೋಟಾರ್ ಜಾಮ್ ಆಯ್ತು. ಎತ್ತಿಸಿ ನೋಡಿದ್ರೆ ಪಂಪಿನ ಒಳಗೆಲ್ಲ ಮರಳು.

ಹೊಸ ಬೋರ್ ಕೊರೆಸೋಕೆ ದುಡ್ಡಿಲ್ಲ, ಅದಕ್ಕೇ ಕ್ಯಾಮೆರಾ ಬಿಡಿಸಿದ್ವಿ. ವಿಡಿಯೋದಲ್ಲಿ ಕೇಸಿಂಗ್ ಕೂತಿರೋ ಜಾಗದಿಂದ ಮಣ್ಣುನೀರು ಸಣ್ಣಗೆ ಇಳೀತಿದೆ. 410 ಅಡಿ ಹತ್ರ ಬಂಡೆ ಒಂದು ಕಡೆ ಕಳಚಿಕೊಂಡು ಪೊಟರೆ ಆಗಿದೆ. ನೀರಿನ ಮಟ್ಟ ಇರೋದು 480 ಅಡಿಗೆ, ಅದರ ಕೆಳಗೆ ಪೂರ್ತಿ ಕದಡಿದೆ, ಏನೂ ಕಾಣಲ್ಲ. ರಾತ್ರಿಯಿಡೀ ಹಾಗೇ ಬಿಟ್ಟು ಮತ್ತೆ ಇಳಿಸಿದ್ರೂ ತಿಳಿಯಾಗ್ಲಿಲ್ಲ. ಹಾಗಾಗಿ ನೀರಿನ ಸೆಲೆ ಎಲ್ಲಿದೆ, ತಳ ಎಷ್ಟು ಹೂಳಿದೆ ಗೊತ್ತಾಗ್ತಿಲ್ಲ.

ಮೆಕ್ಯಾನಿಕ್ ಮೊದಲು ಕಂಪ್ರೆಸರ್ ಹಚ್ಚಿ ಫ್ಲಶಿಂಗ್ ಮಾಡಿಸಿ, ಅಂದ್ರೆ ಗಾಳಿ ಊದಿ ಹೂಳು ಹೊರಗೆ ಹಾಕಿಸಿ ಅಂತಾರೆ. ಆದ್ರೆ ಆ ಗಾಳಿಯ ಒತ್ತಡಕ್ಕೆ ಪೊಟರೆ ಇನ್ನಷ್ಟು ಕುಸಿದ್ರೆ ಬೋರೇ ಮುಚ್ಚಿಹೋಗುತ್ತೆ ಅಂತ ಭಯ. ಕ್ಯಾಮೆರಾದವರು ಐದಿಂಚಿನ ಒಳಕೇಸಿಂಗ್, ಅಂದ್ರೆ ಬೋರಿನ ಒಳಗೆ ಇನ್ನೊಂದು ಸಣ್ಣ ಪೈಪು ಇಳಿಸಿ ಅಂತಾರೆ. ಆಗ ನಮ್ಮ ವಿ6 (ಆರಿಂಚಿನ ಬೋರಿನ) ಪಂಪ್ ಹಿಡಿಯಲ್ಲ, ಸಣ್ಣ ವಿ4 (ನಾಲ್ಕಿಂಚಿನ ಬೋರಿನ) ಪಂಪ್ ತಗೋಬೇಕು. ಸೆಲೆ ಎಲ್ಲಿದೆ ಅಂತ ಗೊತ್ತಿಲ್ಲದೆ ನೀರು ಒಳಗೆ ಬರೋಕೆ ಪೈಪಿಗೆ ತೂತು ಎಲ್ಲಿ ಹಾಕಿಸೋದು? ಗಿಡಗಳು ಸೊರಗ್ತಿವೆ, ಸುಮ್ನೆ ಕೂರೋ ಹಾಗಿಲ್ಲ.

ಇಂಥ ಬೋರು ಸರಿಮಾಡಿಸಿದವರು ದಯವಿಟ್ಟು ಹೇಳಿ: ಮೊದಲು ಫ್ಲಶಿಂಗ್ ಮಾಡಿಸಿ ಮತ್ತೆ ಕ್ಯಾಮೆರಾ ಬಿಡಿಸಬೇಕಾ, ಇಲ್ಲ ನೇರವಾಗಿ ಒಳಕೇಸಿಂಗ್ ಇಳಿಸಬೇಕಾ? ಇಳಿಸೋದಾದ್ರೆ ತಳದವರೆಗೂ ಬೇಕಾ, ಪೊಟರೆ ದಾಟಿದ್ರೆ ಸಾಕಾ?