ಹುಲಿಯೊಳಗೆ ಹುಲ್ಲಿಲ್ಲ

ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಗುಂಪಿಗೆ ತಮ್ಮ ಒಂದು ವಿಡಿಯೊ ಹಾಕಿದ. ಗಾಜಿನ ಹಿಂದೆ ನಿಂತ ಹುಲಿ, ಸತ್ತ ಮೇಲೆ ಜೀವಂತ ಇದ್ದ ಹಾಗೆ ಉಳಿಸಿದ್ದು. ಜೊತೆಗೊಂದು ಬರಹ. ಅಲ್ಲಿಂದ ಶುರುವಾಯಿತು.

ತಮ್ಮ: "ಸತ್ತ ಹುಲಿಯ ಚರ್ಮಕ್ಕೆ ಉಪ್ಪು ಸವರಿ, ಬಿಸಿಲಿಗೆ ಒಣಗಿಸಿ, ಹುಲ್ಲು ತುಂಬಿದರೆ ಆಯಿತು!" ಎಷ್ಟು ಸುಲಭ ನೋಡಿ.

ಚಿಕ್ಕಪ್ಪ: ಯಾರೋ ಇದನ್ನು ಬರೆದದ್ದು? ನಿಮ್ಮ ತಾತ ಮೈಸೂರಿನ ವಾನ್ ಇಂಗೆನ್ ಕಾರ್ಖಾನೆಯಲ್ಲಿ, ಸತ್ತ ಪ್ರಾಣಿಗಳನ್ನು ಹೀಗೆ ಉಳಿಸುವ ಕಡೆ, ಚರ್ಮದ ಕೆಲಸ ಮಾಡಿದವರು. ಅವರ ಮೊಮ್ಮಗನೇ ಹುಲ್ಲು ಅಂದರೆ ಸಂಕಟವಾಗುತ್ತದೆ.

ತಮ್ಮ: ಬಂದಿತ್ತು, ಕಳಿಸಿದೆ ಚಿಕ್ಕಪ್ಪ. ಉಪ್ಪು ಹಾಕುವುದು ನಿಜ ತಾನೆ?

ಚಿಕ್ಕಪ್ಪ: ನಿಜ. ಆದರೆ ಕಲ್ಲುಪ್ಪಲ್ಲ, ಪುಡಿ ಉಪ್ಪು. ಅದಕ್ಕೂ ಮೊದಲು ಅಂಟಿದ ಮಾಂಸ, ಕೊಬ್ಬು ಎಲ್ಲ ಹೆರೆಯಬೇಕು. ಇಲ್ಲದಿದ್ದರೆ ಉಪ್ಪು ಒಳಗೆ ಇಳಿಯುವುದಿಲ್ಲ. ಒಂದೊಂದು ಮಡಿಕೆಗೂ ತಿಕ್ಕಿ, ನೀರು ಬಸಿಯುವ ಹಾಗೆ ಇಳಿಜಾರಿನಲ್ಲಿ ಇಡುತ್ತಾರೆ. ಮರುದಿನ ಒದ್ದೆ ಉಪ್ಪು ಕೊಡವಿ ಹೊಸದು ಹಾಕುತ್ತಾರೆ. ಅಂಗೈಯಗಲ ಜಾಗ ಬಿಟ್ಟುಹೋದರೂ ಸಾಕು, ಅಲ್ಲಿ ಕೊಳೆತು ಕೂದಲು ಕಿತ್ತು ಬರುತ್ತದೆ. ಮೊದಲು ಕೆಡುವುದು ಕಿವಿ, ತುಟಿ, ಹೊಟ್ಟೆ.

ಭಾವ: ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದಲ್ವಾ?

ಚಿಕ್ಕಪ್ಪ: ಒಣಗುತ್ತದೆ, ಸುಟ್ಟೂ ಹೋಗುತ್ತದೆ. ಆಮೇಲೆ ಎಷ್ಟು ನೆನೆಸಿದರೂ ಮೆತ್ತಗಾಗುವುದಿಲ್ಲ. ನೆರಳಿನಲ್ಲೇ ಆಗಬೇಕು.

ಅಕ್ಕ: ಇದರಲ್ಲಿ ಹೆಮ್ಮೆ ಪಡುವಂಥದ್ದು ನನಗೇನೂ ಕಾಣುತ್ತಿಲ್ಲ. ರಾಜರು, ಸಾಹೇಬರು ಶೋಕಿಗೆ ಸಾವಿರಾರು ಹುಲಿ, ಚಿರತೆ ಹೊಡೆದರು. ಅವರ ಹಜಾರದ ಅಲಂಕಾರಕ್ಕೆ ತಾತ ದುಡಿದರು.

ಚಿಕ್ಕಪ್ಪ: ಹೊಡೆದದ್ದು ತಪ್ಪು ಪುಟ್ಟಿ. 1972ರಲ್ಲಿ ವನ್ಯಜೀವಿ ರಕ್ಷಣೆಯ ಕಾನೂನು ಬಂದದ್ದು ಒಳ್ಳೆಯದೇ ಆಯಿತು. ಅದರಿಂದಲೇ ಕಾರ್ಖಾನೆಗೆ ಕೆಲಸ ಕಡಿಮೆಯಾಯಿತು, 90ರ ದಶಕದ ಕೊನೆಗೆ ಬಾಗಿಲು ಮುಚ್ಚಿತು. ನಾನು ಶಿಕಾರಿಯ ಮಾತಾಡುತ್ತಿಲ್ಲ, ಅಪ್ಪನ ಕೈಯ ಮಾತಾಡುತ್ತಿದ್ದೇನೆ.

ನಾನು: ತಾತ ಮಾಡುತ್ತಿದ್ದದ್ದು ಯಾವ ಕೆಲಸ?

ಚಿಕ್ಕಪ್ಪ: ಮುಖದ ಕೆಲಸ. ಊಟದ ಕ್ಯಾರಿಯರ್ ತೆಗೆದುಕೊಂಡು ಹೋದಾಗ ನೋಡಿದ್ದೇನೆ. ಮುಖದ ಚರ್ಮ ಒಳಮೈ ಹೊರಗಾಗಿ ದಿಮ್ಮಿಯ ಮೇಲೆ ಇರುತ್ತಿತ್ತು. ಕಿವಿಯನ್ನು ಕಾಲುಚೀಲದ ಹಾಗೆ ಮಗುಚಿ ಒಳಗಿನ ಮೆತ್ತನೆಯ ಎಲುಬು ಬಿಡಿಸುತ್ತಿದ್ದರು. ತುಟಿಯನ್ನು ಒಳಗಿನಿಂದ ಎರಡು ಪದರವಾಗಿ ಸೀಳುತ್ತಿದ್ದರು, ಆಮೇಲೆ ಬಾಯಂಚಿಗೆ ಮಡಚಿ ಸೇರಿಸಬೇಕಲ್ಲ. ಮೀಸೆಯ ಬೇರುಗಳು ಒಳಗಡೆ ಕಾಳಿನ ಸಾಲಿನ ಹಾಗೆ ಉಬ್ಬಿರುತ್ತವೆ. ಕತ್ತಿ ಸ್ವಲ್ಪ ಆಳಕ್ಕೆ ಹೋದರೂ ಮೀಸೆ ಉದುರುತ್ತದೆ. ಕತ್ತಿ ಅಲ್ಲಿಗೆ ಬಂದಾಗ ಅಪ್ಪ ನನ್ನ ಕಡೆ ನೋಡುತ್ತಲೂ ಇರಲಿಲ್ಲ.

ಭಾವ: ಅಷ್ಟು ತೆಳ್ಳಗೆ ಯಾಕೆ ಮಾಡಬೇಕು?

ಚಿಕ್ಕಪ್ಪ: ಒಳಗಿರುವುದು ಅಚ್ಚಿನಿಂದ ತೆಗೆದ ಗಟ್ಟಿ ಕಾಗದದ ಮೈ. ಭುಜದ ಉಬ್ಬು, ಕೆನ್ನೆಯ ಗುಳಿ ಎಲ್ಲ ಅದರಲ್ಲೇ ಮೂಡಿಸಿರುತ್ತಾರೆ. ಚರ್ಮ ದಪ್ಪಗಿದ್ದರೆ ಅವು ಮುಚ್ಚಿಹೋಗಿ ಹುಲಿ ದಿಂಬಿನ ಹಾಗೆ ಕಾಣುತ್ತದೆ. ಬರೀ ತಲೆಯಾದರೆ ಕುತ್ತಿಗೆಗೆ ಕೆಲಸ ಮುಗಿಯಿತು. ಇಡೀ ಮೈ ಅಂದರೆ ಒಂದೊಂದು ಬೆರಳನ್ನೂ ಉಗುರಿನ ಗಿಣ್ಣಿನವರೆಗೆ ಬಿಡಿಸಬೇಕು. ಆಮೇಲೆ ಉಪ್ಪು ಬೆರೆಸಿದ ಹುಳಿ ನೀರಿನಲ್ಲಿ ನೆನೆಸಿ, ಇನ್ನೊಮ್ಮೆ ಹೆರೆದು, ಹದ ಮಾಡಿ, ಎಣ್ಣೆ ತಿಕ್ಕಿ ಎಳೆದೆಳೆದು ಮೆತ್ತಗೆ ಮಾಡಬೇಕು. ಇದರಲ್ಲಿ ಹುಲ್ಲು ಎಲ್ಲಿ ಬಂತು?

ಅಕ್ಕ: ಕೆಲಸ ದೊಡ್ಡದು, ಒಪ್ಪುತ್ತೇನೆ. ಆದರೆ ಈಗ ಯಾಕೆ ಬೇಕು?

ಚಿಕ್ಕಪ್ಪ: ಈಗ ನಮ್ಮ ದೇಶದಲ್ಲಿ ಹುಲಿಯನ್ನು ಕೊಂದು ಮಾಡುವ ಹಾಗಿಲ್ಲ. ಮುಂಬೈನ ಬೋರಿವಲಿ ಉದ್ಯಾನದಲ್ಲಿ 2009ರಿಂದ ಇದಕ್ಕೊಂದು ಕೇಂದ್ರ ಇದೆ. ತಾವಾಗಿ ಸತ್ತ ಪ್ರಾಣಿಗಳನ್ನು ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಉಳಿಸುತ್ತಾರೆ. ಮಕ್ಕಳು ಪಂಜ ಎಷ್ಟು ದೊಡ್ಡದು ಅಂತ ಹತ್ತಿರದಿಂದ ನೋಡಬಹುದು.

ಅಕ್ಕ: ನನ್ನ ಮಗಳು ಇಂಥದ್ದನ್ನು ನೋಡಿ ಅತ್ತಿದ್ದಾಳೆ ಚಿಕ್ಕಪ್ಪ. ನಾನಂತೂ ಕರೆದುಕೊಂಡು ಹೋಗುವುದಿಲ್ಲ.

ಚಿಕ್ಕಪ್ಪ: ಬೇಡ ಬಿಡಮ್ಮ, ಬಲವಂತ ಇಲ್ಲ. ನನ್ನ ಜಗಳ ಆ ಹುಲ್ಲಿನ ಮಾತಿನ ಜೊತೆ ಮಾತ್ರ.

ತಮ್ಮ: ತೆಗೆದೆ ಚಿಕ್ಕಪ್ಪ. ಕ್ಷಮಿಸಿ.

ಚಿಕ್ಕಪ್ಪ: ಸರಿ ಮಗಾ. ಬೇರೆ ಗುಂಪಿಗೂ ಕಳಿಸಿದ್ದೀಯಾ? ಅಲ್ಲೂ ತೆಗೆ.