ವೀಸಾ ವಕೀಲರ ಶುಲ್ಕವನ್ನು ಸಂಬಳದಲ್ಲಿ ಹಿಡಿಯುತ್ತಿದ್ದಾರೆ, ಏನು ಮಾಡುವುದು?

ಹರಿಹರ, ಈಗ ಡಲ್ಲಾಸ್
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರ ಎಚ್-1ಬಿ, ಅಂದರೆ ಕೆಲಸದ ವೀಸಾದ ವಿಸ್ತರಣೆಗೆ ಕಂಪನಿ ಅರ್ಜಿ ಹಾಕಿದೆ. ವಕೀಲರ ಶುಲ್ಕ ನಿಮ್ಮದೇ ಎಂದು ಈ ತಿಂಗಳಿಂದ ಕಂತಿನಲ್ಲಿ ಹಿಡಿಯುತ್ತಿದ್ದಾರೆ. ಪೇ ಸ್ಲಿಪ್‌ನಲ್ಲಿ ‘ಇತರೆ ಕಡಿತ’ ಎಂದಷ್ಟೇ ಇದೆ. ನನ್ನ ಮತ್ತು ಮಗಳ ಎಚ್-4 (ಕುಟುಂಬದವರ ವೀಸಾ) ಖರ್ಚೂ ಅದರಲ್ಲೇ ಸೇರಿದೆಯಂತೆ. ದಾವಣಗೆರೆಯ ಮನೆ ಸಾಲಕ್ಕೆ ಮಾವನವರು ನಮ್ಮನ್ನೇ ನೆಚ್ಚಿಕೊಂಡಿದ್ದಾರೆ. ಈ ಹಣ ನಾವು ಕೊಡಲೇಬೇಕೇ?

ಚಳ್ಳಕೆರೆ, ಈಗ ನ್ಯೂಜೆರ್ಸಿ
ಎಲ್ಲವನ್ನೂ ಕೊಡಬೇಕಾಗಿಲ್ಲ ತಂಗಿ. ಎಚ್-1ಬಿ ಅರ್ಜಿಯ ವಕೀಲರ ಶುಲ್ಕ ಅಮೆರಿಕದ ಕಾರ್ಮಿಕ ಇಲಾಖೆಯ ನಿಯಮದಲ್ಲಿ ಕಂಪನಿಯ ವ್ಯವಹಾರದ ಖರ್ಚು. ಅದನ್ನು ಹಿಡಿದು ಸಂಬಳವನ್ನು ನಿಗದಿತ ವೇತನಕ್ಕಿಂತ ಕೆಳಗಿಳಿಸುವಂತಿಲ್ಲ. ಅರ್ಜಿಯ ಜೊತೆ ಕಂಪನಿ ಸರ್ಕಾರಕ್ಕೆ ಕಟ್ಟುವ 750 ಅಥವಾ 1,500 ಡಾಲರ್‌ನ ತರಬೇತಿ ಶುಲ್ಕವನ್ನಂತೂ ಯಾವ ಕಾರಣಕ್ಕೂ ನೌಕರನಿಂದ ವಸೂಲಿ ಮಾಡುವಂತಿಲ್ಲ. ನಿಮ್ಮ ಎಚ್-4 ಖರ್ಚನ್ನು ಮಾತ್ರ ನಿಮ್ಮಿಂದ ಕೇಳಬಹುದು. ಮೊದಲು ಕಡಿತದ ವಿವರವನ್ನು ಬರಹದಲ್ಲಿ ಕೇಳಿ. ಎಲ್‌ಸಿಎ, ಅಂದರೆ ಸಂಬಳ ಎಷ್ಟೆಂದು ಕಂಪನಿ ಕಾರ್ಮಿಕ ಇಲಾಖೆಗೆ ಬರೆದುಕೊಟ್ಟ ಅರ್ಜಿಯ ಪ್ರತಿಯನ್ನೂ ಪಡೆಯಿರಿ, ಅದನ್ನು ಕೊಡುವುದು ಕಂಪನಿಯ ಹೊಣೆ.

ದಾವಣಗೆರೆ ಪಿ.ಜೆ. ಬಡಾವಣೆ, ಈಗ ಚಿಕಾಗೊ
ಕಾನೂನು ಹೇಳುವವರು ನಾಳೆ ಬಾಡಿಗೆ ಕಟ್ಟಲು ಬರುವುದಿಲ್ಲ. ಕೆಲಸ ಹೋದರೆ ಈ ದೇಶದಲ್ಲಿ ಇರಬಹುದಾದದ್ದು ಹೆಚ್ಚೆಂದರೆ 60 ದಿನ, ಅಷ್ಟರಲ್ಲಿ ಇನ್ನೊಂದು ಕಂಪನಿ ಸಿಗದಿದ್ದರೆ ಮಗಳ ಶಾಲೆಯ ಗತಿ ಏನು? ನಾವು ಬಂದಾಗ ಕೇಳಿದ್ದನ್ನೆಲ್ಲ ಕೊಟ್ಟೆವು, ತುಟಿ ಬಿಚ್ಚಲಿಲ್ಲ. ಇಂದು ಮಗ ವೈದ್ಯನಾಗಿದ್ದಾನೆ, ಮಗಳು ಎಂಜಿನಿಯರ್. ಹಣ ಮತ್ತೆ ಬರುತ್ತದೆ, ನೆಲೆ ತಪ್ಪಿದರೆ ಬರುವುದಿಲ್ಲ. ಸುಮ್ಮನೆ ಕೊಟ್ಟು ಬಿಡಿ.

ಹೊಳಲ್ಕೆರೆ, ಈಗ ಅಟ್ಲಾಂಟಾ
ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಆ ನೆಲೆಗಾಗಿ ನಾವು ಕಳೆದುಕೊಂಡದ್ದೂ ಇದೆ. ನಮ್ಮ ಮಗ ಅಜ್ಜಿಯ ಫೋನ್ ಬಂದರೆ ‘ಊಟ ಆಯ್ತಾ’ ಎಂದು ಕೇಳಿ ನನ್ನ ಕೈಗೆ ಕೊಟ್ಟುಬಿಡುತ್ತಾನೆ. ಮಗಳಿಗೆ ಈಗಲೇ ಕನ್ನಡ ಕಲಿಸಿ.

ಜಗಳೂರು, ಈಗ ದುಬೈ
ಅಮೆರಿಕದವರಿಗೆ ಕೇಳಲು ಇಲಾಖೆಯಾದರೂ ಇದೆ. ಭಾರತದಲ್ಲಿ ಹೊರದೇಶದ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನಮ್ಮೂರಿನ ಹುಡುಗರು ಹೊಲ ಅಡವಿಟ್ಟು ಅದರ ಹಲವು ಪಟ್ಟು ಕೊಟ್ಟು ಬರುತ್ತಿದ್ದಾರೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಚಳ್ಳಕೆರೆ, ಈಗ ನ್ಯೂಜೆರ್ಸಿ
ಚಿಕಾಗೊ ಅಣ್ಣನವರೇ, ಹೆದರಿಸಬೇಡಿ. ದೂರು ಕೊಟ್ಟವರ ಮೇಲೆ ಕಂಪನಿ ಸೇಡು ತೀರಿಸಿಕೊಳ್ಳುವುದನ್ನೂ ಅದೇ ಕಾನೂನು ನಿಷೇಧಿಸುತ್ತದೆ.

ದಾವಣಗೆರೆ ಪಿ.ಜೆ. ಬಡಾವಣೆ, ಈಗ ಚಿಕಾಗೊ
ನಿಷೇಧ ಕಾಗದದಲ್ಲಿದೆ. ಕಂಪನಿ ಬೇರೆ ಕಾರಣ ಹೇಳಿ ತೆಗೆದರೆ ವರ್ಷಗಟ್ಟಲೆ ಅಲೆಯುವವರು ಯಾರು? ಮಕ್ಕಳಿರುವವರು ಎದುರು ಹಾಕಿಕೊಳ್ಳಬಾರದು.

ಹರಿಹರ, ಈಗ ಡಲ್ಲಾಸ್
ಅಣ್ಣನ ಮಾತು ಓದಿ ಇವರು ಕೇಳುವುದೇ ಬೇಡ ಎನ್ನುತ್ತಿದ್ದಾರೆ. ಆದರೆ ಮುಂದೆ ಗ್ರೀನ್ ಕಾರ್ಡ್‌ನ ಪರ್ಮ್ (ಕಾರ್ಮಿಕ ಇಲಾಖೆಯ ಒಪ್ಪಿಗೆ ಪಡೆಯುವ ಮೊದಲ ಹಂತ) ಶುಲ್ಕವೂ ನಿಮ್ಮದೇ ಎಂದು ಕಂಪನಿ ಈಗಲೇ ಹೇಳಿದೆಯಲ್ಲ?

ಚಳ್ಳಕೆರೆ, ಈಗ ನ್ಯೂಜೆರ್ಸಿ
ಅದಕ್ಕೆ ಖಂಡಿತ ಒಪ್ಪಬೇಡಿ. ಪರ್ಮ್‌ನ ವಕೀಲರ ಶುಲ್ಕ, ಜಾಹೀರಾತಿನ ಖರ್ಚು ಎರಡನ್ನೂ 2007ರಿಂದ ಕಂಪನಿಯೇ ಭರಿಸಬೇಕು. ಗ್ರೀನ್ ಕಾರ್ಡ್‌ನ ಕೊನೆಯ ಹಂತದ ಅರ್ಜಿಯಾದ ಐ-485ರ ಖರ್ಚನ್ನು ನೀವು ಕೊಡಬಹುದು. ಈಗಿನ ಕಡಿತದ ದೂರಿಗೆ ಕಾರ್ಮಿಕ ಇಲಾಖೆಯ ಡಬ್ಲ್ಯುಎಚ್-4 ನಮೂನೆ ಇದೆ, 12 ತಿಂಗಳೊಳಗೆ ಕೊಡಬೇಕು. ಕೊಡುವುದು ಬಿಡುವುದು ಆಮೇಲಿನ ಮಾತು. ಪೇ ಸ್ಲಿಪ್‌ಗಳನ್ನು ಮಾತ್ರ ಇವತ್ತೇ ಕಂಪನಿಯ ಲ್ಯಾಪ್‌ಟಾಪ್‌ನಿಂದ ತೆಗೆದು ಮನೆಯಲ್ಲಿ ಇಟ್ಟುಕೊಳ್ಳಿ.