ಚಿಕ್ಕ ಹಾಯಿದೋಣಿಗೆ ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ: ಯಾವುದನ್ನು ಕೊಳ್ಳಬೇಕು, ಹೇಗೆ ಬಳಸಬೇಕು?

ಬರ್ಕ್ಲಿ ಹಾಯಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬರ್ಕ್ಲಿ ಮರೀನಾದಲ್ಲಿ ನಮ್ಮದೊಂದು 22 ಅಡಿಯ ಹಾಯಿದೋಣಿ ಇದೆ. ಹೆಚ್ಚಾಗಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ ಹೋಗುತ್ತೇವೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗೋಲ್ಡನ್ ಗೇಟ್ ಕಡೆಯಿಂದ ಬೀಸುವ ಗಾಳಿ 20-25 ನಾಟ್‌ಗೆ ಏರುವುದು ಇಲ್ಲಿ ಸಾಮಾನ್ಯ. ಹಡಗುಗಳ ಮತ್ತು ಫೆರಿಗಳ ಓಡಾಟವೂ ಹೆಚ್ಚು. ದೋಣಿಯ ಬ್ಯಾಟರಿ ಚಿಕ್ಕದಾದ್ದರಿಂದ, 25 ವ್ಯಾಟ್‌ನ ಸ್ಥಿರ ರೇಡಿಯೊ ಕೂರಿಸುವ ಬದಲು ಕೈಯಲ್ಲಿ ಹಿಡಿಯುವ ವಿಎಚ್‌ಎಫ್ (ದೋಣಿ, ಹಡಗುಗಳವರು ಪರಸ್ಪರ ಮಾತನಾಡಲು ಬಳಸುವ) ರೇಡಿಯೊ ಒಂದನ್ನು ಕೊಳ್ಳಬೇಕೆಂದಿದ್ದೇವೆ. ಡಿಎಸ್‌ಸಿ (ಗುಂಡಿ ಒತ್ತಿದರೆ ತುರ್ತು ಸಂದೇಶವನ್ನು ತಾನಾಗಿಯೇ ಕಳುಹಿಸುವ ಸೌಲಭ್ಯ) ಮತ್ತು ಜಿಪಿಎಸ್ ಇರುವ ಮಾದರಿಗಳ ಬೆಲೆ ಸರಳ ಮಾದರಿಗಳ ದುಪ್ಪಟ್ಟಿನ ಹತ್ತಿರವಿದೆ. ಆ ಹೆಚ್ಚುವರಿ ಹಣ ಸಾರ್ಥಕವೇ? 5 ಅಥವಾ 6 ವ್ಯಾಟ್‌ನಲ್ಲಿ ನಮ್ಮ ಮಾತು ಎಷ್ಟು ದೂರ ತಲುಪುತ್ತದೆ? ಬಳಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಪಡುವಣ ಗಾಳಿ

ನಿಮ್ಮಿಬ್ಬರ ಮಟ್ಟಿಗೆ ಅದು ಖಂಡಿತ ಸಾರ್ಥಕ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ನೀರಿಗೆ ಬಿದ್ದರೆ ಉಳಿದವರು ಹಾಯಿ, ಚುಕ್ಕಾಣಿ, ನೀರಿನಲ್ಲಿರುವವರ ಮೇಲಿನ ಕಣ್ಣು ಎಲ್ಲವನ್ನೂ ಒಟ್ಟಿಗೆ ನಿಭಾಯಿಸಬೇಕಾಗುತ್ತದೆ. ಆ ಹೊತ್ತಿನಲ್ಲಿ ಅಕ್ಷಾಂಶ ರೇಖಾಂಶಗಳನ್ನು ಓದಿ ಹೇಳಲು ಯಾರಿಗೂ ಪುರಸೊತ್ತು ಇರುವುದಿಲ್ಲ. ಡಿಎಸ್‌ಸಿ ಇರುವ ರೇಡಿಯೊದಲ್ಲಿ ಮುಚ್ಚಳದಡಿಯ ಕೆಂಪು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ, ನಿಮ್ಮ ದೋಣಿಯ ಗುರುತಿನ ಸಂಖ್ಯೆ, ನೀವಿರುವ ಸ್ಥಳ ಮತ್ತು ಸಮಯ ಚಾನೆಲ್ 70ರಲ್ಲಿ ತಾವಾಗಿಯೇ ರವಾನೆಯಾಗುತ್ತವೆ. ಸುತ್ತಲಿನ ಡಿಎಸ್‌ಸಿ ರೇಡಿಯೊಗಳಲ್ಲಿ ಎಚ್ಚರಿಕೆಯ ಸದ್ದು ಮೊಳಗುತ್ತದೆ. ಆಮೇಲೆ ತುರ್ತು ಕರೆಗಳ ಚಾನೆಲ್ 16ರಲ್ಲಿ ಮಾತನಾಡಬೇಕು.

ಆದರೆ ಇದು ಕೆಲಸ ಮಾಡಬೇಕಾದರೆ ಎಂಎಂಎಸ್‌ಐ ಎಂಬ ಒಂಬತ್ತು ಅಂಕಿಗಳ ಆ ಗುರುತಿನ ಸಂಖ್ಯೆಯನ್ನು ಪಡೆದು ರೇಡಿಯೊಗೆ ತುಂಬಲೇಬೇಕು. ಅಮೆರಿಕದ ನೀರಿನಲ್ಲಷ್ಟೇ ಓಡಾಡುವ ವಿಹಾರ ದೋಣಿಗಳಿಗೆ ದೋಣಿ ಮಾಲೀಕರ ಸಂಘಗಳೇ ಈ ಸಂಖ್ಯೆ ಕೊಡುತ್ತವೆ; ಮೆಕ್ಸಿಕೊ ಕಡೆಗೆ ಹೋಗುವ ಯೋಚನೆ ಇದ್ದರೆ ಎಫ್‌ಸಿಸಿಯ (ಅಮೆರಿಕದ ಸಂಪರ್ಕ ನಿಯಂತ್ರಣ ಆಯೋಗದ) ಪರವಾನಗಿಯೊಂದಿಗೇ ಪಡೆಯುವುದು ಸರಿ. ಸಾಮಾನ್ಯವಾಗಿ ಬಳಕೆದಾರರು ಇದನ್ನು ಒಮ್ಮೆ ಮಾತ್ರ ತುಂಬಬಹುದು, ಆದ್ದರಿಂದ ಅಂಕಿಗಳನ್ನು ಒಬ್ಬರು ಓದಿ ಇನ್ನೊಬ್ಬರು ಒತ್ತುವುದು ಕ್ಷೇಮ. ರೇಡಿಯೊವನ್ನು ಮರೀನಾದಲ್ಲಿಯೇ ಚಾಲೂ ಮಾಡಿ. ಜಿಪಿಎಸ್‌ಗೆ ಉಪಗ್ರಹಗಳು ಸಿಗಲು ಸ್ವಲ್ಪ ಹೊತ್ತು ಬೇಕು.

ಸ್ಟ್ಯಾಂಡರ್ಡ್ ಹೊರೈಜನ್ ಎಚ್‌ಎಕ್ಸ್890 ಮತ್ತು ಐಕಾಮ್ ಎಂ94ಡಿ ಎರಡೂ ನೀರಿನಲ್ಲಿ ತೇಲುತ್ತವೆ, ಎರಡರಲ್ಲೂ ಡಿಎಸ್‌ಸಿ ಮತ್ತು ಜಿಪಿಎಸ್ ಇವೆ. ಎರಡನೆಯದು ಹತ್ತಿರದ ಹಡಗುಗಳ ಎಐಎಸ್ ಸಂಕೇತವನ್ನೂ (ಹಡಗು ತನ್ನ ಗುರುತು ಮತ್ತು ಸ್ಥಳವನ್ನು ತಾನಾಗಿಯೇ ಸಾರುವ ಸಂಕೇತ) ತೋರಿಸುತ್ತದೆ. ಮಂಜು ಕವಿಯುವ ನಿಮ್ಮ ಕೊಲ್ಲಿಯಲ್ಲಿ ಅದು ನಿಜಕ್ಕೂ ಉಪಯುಕ್ತ. ಅಂಗಡಿಯಲ್ಲಿ ಕೈಗವಸು ಹಾಕಿಕೊಂಡು ಗುಂಡಿಗಳನ್ನು ಒತ್ತಿ ನೋಡಿ, ಅನಂತರ ತೀರ್ಮಾನಿಸಿ.

ಅಲೆಯ ಲೆಕ್ಕ

ದೂರದ ಪ್ರಶ್ನೆಗೆ ಉತ್ತರಿಸುತ್ತೇನೆ. ವಿಎಚ್‌ಎಫ್ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿಯ ದಾರಿಯಲ್ಲೇ ಸಾಗುವುದರಿಂದ, ವ್ಯಾಟ್‌ಗಿಂತ ಆಂಟೆನಾದ ಎತ್ತರ ಮುಖ್ಯ. ಎತ್ತರವನ್ನು ಮೀಟರಿನಲ್ಲಿ ಅಳೆದು ಅದರ ವರ್ಗಮೂಲವನ್ನು 2.2ರಿಂದ ಗುಣಿಸಿದರೆ ಆ ಆಂಟೆನಾದ ರೇಡಿಯೊ ದಿಗಂತ, ಅಂದರೆ ಅಲೆಗಳು ನೇರವಾಗಿ ತಲುಪುವ ದೂರ, ನಾಟಿಕಲ್ ಮೈಲಿಯಲ್ಲಿ ಸಿಗುತ್ತದೆ; ಎರಡೂ ಕಡೆಯದನ್ನು ಕೂಡಿಸಬೇಕು. ದೋಣಿಯಲ್ಲಿ ಕುಳಿತವರ ಕೈಯಲ್ಲಿರುವ ರೇಡಿಯೊದ ಎತ್ತರ 1.5 ಮೀಟರ್ ಎಂದುಕೊಂಡರೆ ಸುಮಾರು 2.7 ಮೈಲಿ, ಅಂಥವೇ ಎರಡು ದೋಣಿಗಳ ನಡುವೆ ಸುಮಾರು 5 ಮೈಲಿ. ಹಡಗಿನ ಆಂಟೆನಾ 25 ಮೀಟರ್ ಎತ್ತರದಲ್ಲಿದ್ದರೆ ಲೆಕ್ಕ 13 ಮೈಲಿ ದಾಟುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಕಡಿಮೆಯೇ ಸಿಗುತ್ತದೆ. ನೀರಿಗೆ ಬಿದ್ದವರ ಕೈಯಲ್ಲಿ ಅದೇ ಆಂಟೆನಾ ನೀರಿನಿಂದ 30 ಸೆಂಟಿಮೀಟರ್ ಮೇಲಿದ್ದರೆ ಅವರ ಕಡೆಯ ದಿಗಂತ 1.2 ಮೈಲಿಗೆ ಇಳಿಯುತ್ತದೆ. ಆದ್ದರಿಂದ ಮಾತನಾಡುವಾಗ ಆಂಟೆನಾ ನೆಟ್ಟಗೆ, ಸಾಧ್ಯವಾದಷ್ಟು ಎತ್ತರದಲ್ಲಿರಲಿ. ಮಾತಿನ ಗುಂಡಿಯನ್ನು (ಕೆಂಪು ಗುಂಡಿಯಲ್ಲ) ಒತ್ತಿ ಒಂದು ಕ್ಷಣ ತಡೆದು, ಬಾಯಿಂದ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ಹಿಡಿದು, ಕೂಗದೆ ಸಹಜ ದನಿಯಲ್ಲಿ ಮಾತನಾಡಿ.

ಹತ್ತಿರದ ದೋಣಿಯನ್ನು ಕರೆಯಲು 1 ವ್ಯಾಟ್ ಧಾರಾಳವಾಗಿ ಸಾಕು, ಬ್ಯಾಟರಿಯೂ ಉಳಿಯುತ್ತದೆ. ನಿಮ್ಮ ಕೊಲ್ಲಿಯ ಹಡಗು ಸಂಚಾರ ನಿಯಂತ್ರಣ ಕೇಂದ್ರ ಚಾನೆಲ್ 14ರಲ್ಲಿ ಮಾತನಾಡುತ್ತದೆ, ಹಡಗುಗಳು ಪರಸ್ಪರ ಚಾನೆಲ್ 13 ಬಳಸುತ್ತವೆ. ಇವನ್ನು 16ರ ಜೊತೆಗೆ ಸುಮ್ಮನೆ ಕೇಳಿಸಿಕೊಳ್ಳುತ್ತಾ ಹೋದರೂ ಯಾವ ಹಡಗು ಎತ್ತ ತಿರುಗಲಿದೆ ಎಂಬುದು ಮೊದಲೇ ತಿಳಿಯುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ರೇಡಿಯೊದಿಂದ ದಿನನಿತ್ಯ ಸಿಗುವ ಅತಿ ದೊಡ್ಡ ಪ್ರಯೋಜನ ಅದೇ. ರೇಡಿಯೊ ಸರಿಯಿದೆಯೇ ಎಂದು ಪರೀಕ್ಷಿಸಲು ದಯವಿಟ್ಟು 16ರಲ್ಲಿ ಕರೆಯಬೇಡಿ, ಚಾನೆಲ್ 9 ಬಳಸಿ. ಡಿಎಸ್‌ಸಿಯ ಪರೀಕ್ಷೆಗೆ ಅಮೆರಿಕದ ಕೋಸ್ಟ್ ಗಾರ್ಡ್‌ನ 003669999 ಸಂಖ್ಯೆಗೆ ಟೆಸ್ಟ್ ಕರೆ ಕಳುಹಿಸಿದರೆ ಉತ್ತರ ತಾನಾಗಿಯೇ ಬರುತ್ತದೆ.

ರೇಡಿಯೊದ ಸ್ಪೀಕರಿನಲ್ಲಿ ಅಯಸ್ಕಾಂತವಿರುವುದರಿಂದ ಅದನ್ನು ದಿಕ್ಸೂಚಿಯಿಂದ ಒಂದು ಮೀಟರಾದರೂ ದೂರವಿಡಿ.

ಮಲ್ಪೆ ತೀರ

ಊರಿಗೆ ಬರುವಾಗ ಈ ರೇಡಿಯೊವನ್ನು ತರುವ ಯೋಚನೆ ಯಾರಿಗಾದರೂ ಇದ್ದರೆ ಒಂದು ಮಾತು. ಭಾರತದಲ್ಲಿ ಇದಕ್ಕೆ ದೂರಸಂಪರ್ಕ ಇಲಾಖೆಯ ಪರವಾನಗಿ ಬೇಕು. ಅಮೆರಿಕದ ವಿಹಾರ ದೋಣಿಗಳಿಗೆ ಇರುವ ವಿನಾಯಿತಿ ಇಲ್ಲಿಲ್ಲ. ಚಾನೆಲ್ 16 ಎಲ್ಲ ಕಡೆ 156.8 ಮೆಗಾಹರ್ಟ್ಸ್‌ನಲ್ಲೇ ಇದ್ದರೂ, 22ಎಯಂಥ ಕೆಲವು ಚಾನೆಲ್‌ಗಳು ಅಮೆರಿಕದ ಪಟ್ಟಿಯಲ್ಲಿ ಬೇರೆ, ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬೇರೆ. ನಮ್ಮ ಕರಾವಳಿಯಲ್ಲಿ ಮೊಬೈಲ್ ಸಿಗ್ನಲ್ ಇರುವಷ್ಟು ದೂರದವರೆಗೆ ಕೋಸ್ಟ್ ಗಾರ್ಡ್‌ನ 1554 ಸಂಖ್ಯೆಗೆ ಕರೆ ಮಾಡಬಹುದು. ಆದರೆ ಫೋನಿನ ಕರೆ ಒಬ್ಬರಿಗೆ ಮಾತ್ರ ಕೇಳಿಸುತ್ತದೆ, ರೇಡಿಯೊದ ಕರೆ ಪಕ್ಕದಲ್ಲೇ ಬಲೆ ಎಳೆಯುತ್ತಿರುವ ಬೋಟಿನವರಿಗೂ ಕೇಳಿಸುತ್ತದೆ, ಮತ್ತು ಸಮುದ್ರದಲ್ಲಿ ಎಷ್ಟೋ ಸಲ ಮೊದಲು ತಲುಪುವವರು ಅವರೇ.

ಬರ್ಕ್ಲಿ ಹಾಯಿ

ಮೂವರಿಗೂ ಧನ್ಯವಾದಗಳು. ತೇಲುವ, ಡಿಎಸ್‌ಸಿ ಇರುವ ಮಾದರಿಯನ್ನೇ ಕೊಳ್ಳುತ್ತೇವೆ. ಇನ್ನೊಂದು ಪ್ರಶ್ನೆ: ಇರುವ ಒಂದೇ ರೇಡಿಯೊ ಯಾರ ಬಳಿ ಇರಬೇಕು? ನಾನೇ ನೀರಿಗೆ ಬಿದ್ದರೆ ನನ್ನ ಹೆಂಡತಿ ಏನು ಹೇಳಬೇಕು?

ಪಡುವಣ ಗಾಳಿ

ಒಂದೇ ಇದ್ದರೆ ಚುಕ್ಕಾಣಿ ಹಿಡಿದವರ ಲೈಫ್ ಜಾಕೆಟ್ಟಿಗೆ ದಾರದಿಂದ ಕಟ್ಟಿರಲಿ ಎಂದು ಹಲವರು ಹೇಳುತ್ತಾರೆ. ನನ್ನ ಸಲಹೆ, ಬಿದ್ದವರ ಬಳಿ ಒಂದು, ದೋಣಿಯಲ್ಲಿ ಉಳಿದವರ ಬಳಿ ಒಂದು ಇರುವಂತೆ ಸರಳವಾದ ಇನ್ನೊಂದನ್ನೂ ಕೊಳ್ಳಿ. ಕೊಲ್ಲಿಯ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ, ಬೆರಳುಗಳು ಬೇಗ ಮರಗಟ್ಟುತ್ತವೆ. ಅದಕ್ಕೇ ಕೆಂಪು ಗುಂಡಿಯ ಮುಚ್ಚಳವನ್ನು ನೋಡದೆಯೇ ತೆರೆಯುವ ಅಭ್ಯಾಸ, ಗುಂಡಿ ಒತ್ತದೆ, ಇಬ್ಬರಿಗೂ ಆಗಬೇಕು.

ಹೇಳಬೇಕಾದ ಕ್ರಮ ಹೀಗೆ: "ಮೇಡೇ" (ಪ್ರಾಣಾಪಾಯವಿದೆ ಎಂದು ಸಾರುವ ತುರ್ತು ಪದ) ಮೂರು ಸಲ, "ದಿಸ್ ಈಸ್" ಎಂದು ದೋಣಿಯ ಹೆಸರು ಮೂರು ಸಲ, ಮತ್ತೊಮ್ಮೆ "ಮೇಡೇ" ಮತ್ತು ಹೆಸರು, ಆಮೇಲೆ ಇರುವ ಸ್ಥಳ, ಒಬ್ಬರು ನೀರಿಗೆ ಬಿದ್ದಿದ್ದಾರೆಂಬ ವಿಷಯ, ಬೇಕಾದ ನೆರವು, ದೋಣಿಯಲ್ಲಿದ್ದ ಜನರ ಸಂಖ್ಯೆ, ಕೊನೆಗೆ "ಓವರ್". ಸ್ಥಳವನ್ನು "ಏಂಜೆಲ್ ಐಲೆಂಡಿನ ದಕ್ಷಿಣಕ್ಕೆ ಒಂದು ಮೈಲಿ" ಎಂಬಂತೆ ಹೇಳಿದರೂ ನಡೆಯುತ್ತದೆ. ಇದನ್ನು ನಿಮ್ಮ ದೋಣಿಯ ಹೆಸರು ಸಮೇತ ಇಂಗ್ಲಿಷಿನಲ್ಲೇ ಕಾರ್ಡಿನ ಮೇಲೆ ಬರೆದು, ಲ್ಯಾಮಿನೇಟ್ ಮಾಡಿಸಿ, ಚುಕ್ಕಾಣಿಯ ಬಳಿ ಕಾಣುವಂತೆ ಅಂಟಿಸಿ. ಹೇಳಿ ಮುಗಿಸಿದ ಕೂಡಲೇ ಮಾತಿನ ಗುಂಡಿಯಿಂದ ಬೆರಳು ತೆಗೆಯಬೇಕು, ಇಲ್ಲದಿದ್ದರೆ ಉತ್ತರ ಕೇಳಿಸುವುದಿಲ್ಲ. ಉತ್ತರ ಬಾರದಿದ್ದರೆ ಮೊದಲಿನಿಂದ ಮತ್ತೆ ಹೇಳಬೇಕು.